ಈಗ ಬೇಡ

ಮಾವನ ನೋಟ್‌ಬುಕ್ಕು ಈಗಲೂ ನನ್ನ ಬಳಿ ಇದೆ. ಇನ್ನೂರು ಪುಟದ, ಗೆರೆ ಹಾಕಿದ, ಶಾಲೆ ಮಕ್ಕಳು ಕೊಳ್ಳುವಂಥದ್ದು. ಮಾತು ಹೋದ ಮೇಲೆ ಅವರು ಹೇಳಬೇಕಾದ್ದನ್ನೆಲ್ಲ ಅದರಲ್ಲಿ ಬರೆದು ತೋರಿಸುತ್ತಿದ್ದರು. ‘ಫ್ಯಾನು ಸಣ್ಣ ಮಾಡು’, ‘ಪೇಪರ್ ಬಂತಾ’, ‘ಅತ್ತೆಗೆ ಹೇಳಬೇಡ’. ಇಂಥವೇ ಹೆಚ್ಚು. ಒಂದು ಪುಟದಲ್ಲಿ ಮಾತ್ರ ಎರಡೇ ಪದಗಳಿವೆ. ‘ಈಗ ಬೇಡ.’ ಹೊಟ್ಟೆಗೆ ಕೊಳವೆ ಹಾಕಿಸುವ ಮಾತನ್ನು ಡಾಕ್ಟರು ಮೊದಲ ಸಲ ಎತ್ತಿದ ದಿನ ಬರೆದದ್ದು ಅದು. ನಾವು ಮನೆಯವರೆಲ್ಲ ಅದನ್ನು ‘ಬೇಡ’ ಎಂದು ಓದಿಕೊಂಡೆವು. ಅದರ ಹಿಂದಿದ್ದ ‘ಈಗ’ ಎನ್ನುವ ಪದವನ್ನು ಯಾರೂ ಓದಲಿಲ್ಲ. ನಾನೂ ಓದಲಿಲ್ಲ. ಈ ಬರಹ ಆ ಒಂದು ಪದದ ಬಗ್ಗೆ.

ಕಾಯಿಲೆಯ ಹೆಸರು ಮೋಟಾರ್ ನ್ಯೂರಾನ್ ಡಿಸೀಸ್. ಮಿದುಳು ಮತ್ತು ಬೆನ್ನುಹುರಿಯಿಂದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಅಪ್ಪಣೆ ಬಾರದ ಸ್ನಾಯು ಸೊರಗುತ್ತದೆ. ಕೆಲವರಿಗೆ ಅದು ಕೈಯಿಂದ ಶುರುವಾಗುತ್ತದೆ, ಕೆಲವರಿಗೆ ಕಾಲಿನಿಂದ. ಮಾವನಿಗೆ ನಾಲಿಗೆಯಿಂದ ಶುರುವಾಯಿತು. ‘ರ’ ಮತ್ತು ‘ಲ’ ಒಂದರ ಮೇಲೊಂದು ಬಿದ್ದಂತೆ ಕೇಳಿಸತೊಡಗಿದವು. ಸಾಗರದ ಪೇಟೆಯಲ್ಲಿ ಅವರನ್ನು ಹೊಸದಾಗಿ ಕಂಡವರು ಕುಡಿದಿದ್ದಾರೆ ಅಂದುಕೊಂಡರು. ಜೀವಮಾನದಲ್ಲಿ ಬೀಡಿಯನ್ನೂ ಮುಟ್ಟದ, ನಿವೃತ್ತ ಪೋಸ್ಟ್ ಮಾಸ್ಟರ್ ಅವರು. ಹಲ್ಲಿನ ಡಾಕ್ಟರು, ಗಂಟಲಿನ ಡಾಕ್ಟರು, ಪಾರ್ಶ್ವವಾಯು ಇರಬಹುದೆಂದು ಒಂದು ಸ್ಕ್ಯಾನು, ಹೀಗೆ ಏಳು ತಿಂಗಳು ಕಳೆದ ಮೇಲೆ ಬೆಂಗಳೂರಿನ ನರರೋಗ ತಜ್ಞರೊಬ್ಬರು ಹೆಸರು ಹೇಳಿದರು. ದಕ್ಷಿಣ ಭಾರತದಲ್ಲಿ ಎಳೆಯ ವಯಸ್ಸಿಗೇ ಶುರುವಾಗಿ, ಕಿವಿಯನ್ನೂ ಮಂದ ಮಾಡಿ, ಆದರೆ ಬಹಳ ನಿಧಾನವಾಗಿ ಸಾಗುವ ‘ಮದ್ರಾಸ್ ಮಾದರಿ’ ಎಂಬ ಒಂದು ಬಗೆ ಇದೆಯಂತೆ. ಅದಾಗಿರಬಹುದೇ ಎಂದು ನಾನು ಆಸೆಯಿಂದ ಕೇಳಿದೆ. ಅರವತ್ಮೂರರಲ್ಲಿ ಶುರುವಾದದ್ದು ಅದಲ್ಲ ಎಂದರು. ಹೆಚ್ಚಿನವರಿಗೆ ಉಳಿಯುವುದು ಎರಡರಿಂದ ಐದು ವರ್ಷ. ರಿಲುಜೋಲ್ ಎಂಬ ಮಾತ್ರೆ 1995ರಿಂದ ಇದೆ. ಅದು ಕೊಡುವ ಹೆಚ್ಚುವರಿ ಕಾಲವನ್ನು ಪ್ರಯೋಗಗಳು ಅಳೆದದ್ದು ತಿಂಗಳುಗಳಲ್ಲಿ, ವರ್ಷಗಳಲ್ಲಲ್ಲ.

ಈ ಕಾಯಿಲೆಯಲ್ಲಿ ನುಂಗುವುದು ಹೇಗೆ ಕೆಡುತ್ತದೆ ಎಂದು ನೋಡದವರಿಗೆ ಹೇಳುವುದು ಕಷ್ಟ. ಅನ್ನಕ್ಕಿಂತ ಮೊದಲು ನೀರು ಶತ್ರುವಾಗುತ್ತದೆ. ತೆಳ್ಳಗಿನದು ಬೇಗ ಓಡುತ್ತದೆ. ಸೊರಗಿದ ಗಂಟಲು ಶ್ವಾಸನಾಳದ ಬಾಗಿಲನ್ನು ಅಷ್ಟು ಬೇಗ ಮುಚ್ಚಲಾರದು. ಕಾಫಿ ಕುಡಿದರೆ ಕೆಮ್ಮು, ಮಜ್ಜಿಗೆ ಕುಡಿದರೆ ಕೆಮ್ಮು. ಮಂದವಾದ ಗಂಜಿ ಪರವಾಗಿಲ್ಲ. ಆಮೇಲೆ ಅದೂ ಕಷ್ಟ. ಒಂದು ಹೊತ್ತಿನ ಊಟಕ್ಕೆ ಒಂದೂಕಾಲು ಗಂಟೆ ಹಿಡಿಯತೊಡಗಿತು. ಹೊಟ್ಟೆಗೆ ಹೋದದ್ದು ತಿನ್ನುವ ಶ್ರಮಕ್ಕೇ ಖರ್ಚಾಗುತ್ತಿದೆಯೇನೋ ಎನ್ನುವ ಹಾಗೆ ತೂಕ ಇಳಿಯುತ್ತಿತ್ತು. ಈ ಕಾಯಿಲೆಯಲ್ಲಿ ಎಷ್ಟೋ ಜನರ ದೇಹ ಸುಮ್ಮನೆ ಮಲಗಿದ್ದಾಗಲೂ ಮಾಮೂಲಿಗಿಂತ ಹೆಚ್ಚು ಶಕ್ತಿ ಸುಡುತ್ತದೆ ಎಂದು ಆಮೇಲೆ ತಿಳಿಯಿತು.

ಅತ್ತೆ ಉಣಿಸುತ್ತಿದ್ದರು. ಮಾವನ ಕೈಗಳು ಆಗಿನ್ನೂ ಚೆನ್ನಾಗಿದ್ದವು, ಬರೆಯುತ್ತಿದ್ದರಲ್ಲ. ಆದರೂ ಉಣಿಸುತ್ತಿದ್ದರು. ತುತ್ತು ಚಿಕ್ಕದಾಗಿರಬೇಕು, ಗಲ್ಲ ಎದೆಗೆ ತಾಗುವಷ್ಟು ಬಗ್ಗಿ ನುಂಗಬೇಕು ಎಂದು ಥೆರಪಿಸ್ಟ್ ಹೇಳಿಕೊಟ್ಟಿದ್ದರು. ಅನ್ನ, ತಂಬುಳಿ ಕಲಸಿ ಬೆಣ್ಣೆಯ ಹಾಗೆ ನುಣ್ಣಗೆ ಮಾಡಿ, ಒಂದೊಂದೇ ತುತ್ತು. ಪ್ರತಿ ತುತ್ತಿನ ನಂತರ ಇಬ್ಬರೂ ಕಾಯುತ್ತಿದ್ದರು, ಕೆಮ್ಮು ಬರುತ್ತದೋ ಇಲ್ಲವೋ ಎಂದು. ಬಾರದಿದ್ದರೆ ಅತ್ತೆಯ ಮುಖ ಅರಳುತ್ತಿತ್ತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಒಬ್ಬರನ್ನೊಬ್ಬರು ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ. ಕೊಳವೆಯ ಮಾತು ಬಂದಾಗ ಅತ್ತೆ ಹೇಳಿದ್ದು ಒಂದೇ: “ಬಾಯಿ ಇರುವಾಗ ಹೊಟ್ಟೆಗೆ ಯಾಕೆ ತೂತು ಮಾಡಬೇಕು?” ನನಗೆ ಅದು ಆಗ ಅಜ್ಞಾನದ ಮಾತು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಅವರ ಪಾಲಿಗೆ ಆ ತುತ್ತು ಆಹಾರವಾಗಿರಲಿಲ್ಲ, ಮಾತಾಗಿತ್ತು. ಗಂಡನ ಮಾತು ಹೋಗಿಯಾಗಿತ್ತು. ಉಳಿದಿದ್ದ ಈ ಇನ್ನೊಂದು ಮಾತನ್ನೂ ನಾವು ಕೇಳುತ್ತಿದ್ದೆವು.

ಡಾಕ್ಟರು ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸಿದ್ದರು. ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ನಮ್ಮ ಎಲ್ಲ ಆಸ್ಪತ್ರೆಗಳಲ್ಲೂ ಕಾಣುವ ರೈಲ್ಸ್ ಟ್ಯೂಬು, ಮೂಗಿನಿಂದ ಗಂಟಲಿಗೆ, ಅಲ್ಲಿಂದ ಹೊಟ್ಟೆಗೆ. ಗಾಯವಿಲ್ಲ, ಹಾಸಿಗೆಯ ಪಕ್ಕದಲ್ಲೇ ಹಾಕಬಹುದು, ಅಗ್ಗ. ಆದರೆ ಕೆಲವು ವಾರಗಳ ಮಟ್ಟಿಗೆ ಮಾಡಿದ್ದು ಅದು. ಮೂಗು ಹುಣ್ಣಾಗುತ್ತದೆ, ಗಂಟಲು ಕೆರೆಯುತ್ತದೆ, ಜಾರುತ್ತದೆ, ಮುಖದ ಮೇಲೆ ಪ್ಲಾಸ್ಟರು ಹಚ್ಚಿಕೊಂಡು ಎಲ್ಲರಿಗೂ ಕಾಣುತ್ತದೆ.

ಎರಡನೆಯದು ಪೆಗ್. ಬಾಯಿಯಿಂದ ಎಂಡೋಸ್ಕೋಪು ಇಳಿಸಿ ಹೊಟ್ಟೆಗೆ ಗಾಳಿ ತುಂಬುತ್ತಾರೆ. ಒಳಗಿನ ದೀಪ ಹೊಟ್ಟೆಯ ಚರ್ಮದ ಮೂಲಕ ಕೆಂಪಗೆ ಕಾಣುತ್ತದೆ. ಆ ಬೆಳಕು ಕಂಡಲ್ಲಿ ಹೊರಗಿನಿಂದ ಸೂಜಿ ಚುಚ್ಚಿ, ಒಂದು ದಾರವನ್ನು ಒಳಗೆ ಬಿಟ್ಟು, ಬಾಯಿಯಿಂದ ಹೊರಗೆಳೆದು, ಅದಕ್ಕೆ ಕೊಳವೆ ಕಟ್ಟಿ ಮತ್ತೆ ಬಾಯಿಯ ಮೂಲಕವೇ ಹೊಟ್ಟೆಗೆ ಎಳೆದುಕೊಳ್ಳುತ್ತಾರೆ. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮಕ್ಕಳ ಶಸ್ತ್ರವೈದ್ಯ ಮೈಕೆಲ್ ಗಾಡರರ್ ಮತ್ತು ಎಂಡೋಸ್ಕೋಪಿ ತಜ್ಞ ಜೆಫ್ರಿ ಪಾನ್ಸ್ಕಿ ಇದನ್ನು ಮೊದಲು ಮಾಡಿದ್ದು ಕೆಲವೇ ತಿಂಗಳ ಒಂದು ಕೂಸಿಗೆ. ಅದಕ್ಕೆ ಮೊದಲು ಹೊಟ್ಟೆ ಕುಯ್ದೇ ಮಾಡಬೇಕಿತ್ತು. 1849ರಲ್ಲಿ ಫ್ರಾನ್ಸಿನ ಸೆಡಿಯೋ ಮನುಷ್ಯನ ಮೇಲೆ ಆ ಶಸ್ತ್ರಚಿಕಿತ್ಸೆ ಮಾಡಿದಾಗ ರೋಗಿ ಉಳಿಯಲಿಲ್ಲ. ಯಶಸ್ಸು ಸಿಕ್ಕಿದ್ದು 1875ರಲ್ಲಿ, ಲಂಡನ್ನಿನಲ್ಲಿ.

ಮೂರನೆಯದು ರಿಗ್. ಇಲ್ಲಿ ಎಂಡೋಸ್ಕೋಪು ಇಲ್ಲ. ಮೂಗಿನಿಂದ ತೆಳು ನಳಿಕೆ ಬಿಟ್ಟು ಹೊಟ್ಟೆಯನ್ನು ಉಬ್ಬಿಸಿ, ಎಕ್ಸ್‌ರೇ ನೋಡುತ್ತ ಹೊರಗಿನಿಂದಲೇ ಕೊಳವೆ ಇಳಿಸುತ್ತಾರೆ. ಮಂಪರು ಬರಿಸುವ ಔಷಧಿ ಕಡಿಮೆ ಸಾಕು, ಆ ಜಾಗ ಮಾತ್ರ ಮರಗಟ್ಟಿಸಿದರೂ ನಡೆಯುತ್ತದೆ. ಉಸಿರಾಟ ಸೋತವರಿಗೆ ಇದು ವಾಸಿ ಎಂದು ಬಹುಕಾಲ ನಂಬಿಕೆ. ಆದರೆ ಕೊಳವೆ ಸಣ್ಣದು, ಒಳಗೆ ಪುಟ್ಟ ಬಲೂನಿನ ಮೇಲೆ ನಿಂತಿರುತ್ತದೆ, ಹೊರಗೆ ಬರುವ ಭಯ ಹೆಚ್ಚು. ಬಾಯಿಯ ದಾರಿ ಮತ್ತು ಎಕ್ಸ್‌ರೇ ಎರಡನ್ನೂ ಕೂಡಿಸಿದ ನಾಲ್ಕನೆಯ ಬಗೆಯೂ ಕೆಲವೆಡೆ ಉಂಟು.

ಯಾವುದು ಒಳ್ಳೆಯದು? ಎಲ್ಲರಿಗೂ ಮೊದಲು ಬರುವ ಪ್ರಶ್ನೆ ಇದು. ಬ್ರಿಟನ್ನಿನ 24 ಕೇಂದ್ರಗಳಲ್ಲಿ ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಹಿಂಬಾಲಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರ ಸಾರ: ಮೊದಲ ಮೂವತ್ತು ದಿನಗಳ ಸಾವಿನ ಪ್ರಮಾಣದಲ್ಲಿ ಈ ವಿಧಾನಗಳ ನಡುವೆ ಹೇಳಿಕೊಳ್ಳುವ ಅಂತರವಿಲ್ಲ. ವ್ಯತ್ಯಾಸ ತರುವುದು ಬೇರೆಯದೇ. ಎಷ್ಟು ತೂಕ ಕಳೆದುಕೊಂಡ ಮೇಲೆ ಹಾಕಿಸುತ್ತೀರಿ ಎನ್ನುವುದು. ಕಾಯಿಲೆ ಪತ್ತೆಯಾದಾಗಿನ ತೂಕದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದ್ದವರಿಗೆ ಲಾಭ ಕಡಿಮೆ. ಶ್ವಾಸಕೋಶದ ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿಯುವ ಮೊದಲೇ ಪೆಗ್ ಹಾಕಿಸಿ ಎಂಬ ಸಲಹೆಯಂತೂ ಹಳೆಯದು. ಅಂದರೆ ನಾವು ‘ಯಾವ ವಿಧಾನ’ ಎಂದು ಕೇಳುತ್ತಿರುತ್ತೇವೆ, ಕಾಯಿಲೆ ‘ಯಾವಾಗ’ ಎಂದು ಕೇಳುತ್ತಿರುತ್ತದೆ.

ನೈತಿಕ ಗಂಟು ಇರುವುದು ಇಲ್ಲೇ. ಕೊಳವೆ ಬೇಕೆನ್ನಿಸುವ ಹೊತ್ತಿಗೆ ಅದನ್ನು ಹಾಕುವುದು ಅಪಾಯ. ಹಾಕುವುದು ಸುಲಭವಾಗಿರುವ ಹೊತ್ತಿನಲ್ಲಿ ಅದು ಬೇಕೆನ್ನಿಸುವುದಿಲ್ಲ. ಇನ್ನೂ ಕಡುಬು ತಿನ್ನಬಲ್ಲ ಮನುಷ್ಯನಿಗೆ, ಮುಂದೊಂದು ದಿನ ನೀನು ನೀರೂ ನುಂಗಲಾರೆ, ಆ ನಿನ್ನ ಪರವಾಗಿ ಇಂದೇ ರುಜು ಹಾಕು ಎನ್ನಬೇಕು. ಅವನು ರುಜು ಹಾಕಿದರೆ ಕಾಯಿಲೆಯ ಮುಂದಿನ ಅಧ್ಯಾಯಗಳನ್ನೆಲ್ಲ ಒಪ್ಪಿಕೊಂಡಂತೆ. ಹಾಕದಿದ್ದರೆ ಮುಂದಿನವನ ಬಾಗಿಲು ಮುಚ್ಚಿದಂತೆ. ಮಾವನ ತೂಕ ಆಗ 68ರಿಂದ 64 ಕಿಲೋಗೆ ಇಳಿದಿತ್ತು, ಉಸಿರಿನ ಪರೀಕ್ಷೆ ಎಪ್ಪತ್ತು ಪ್ರತಿಶತ ತೋರಿಸುತ್ತಿತ್ತು. ಪುಸ್ತಕದ ಪ್ರಕಾರ ಅದೇ ಸರಿಯಾದ ಹೊತ್ತು. ಅವರು ಬರೆದರು, ‘ಈಗ ಬೇಡ’.

ನಾನು ಕಾಲೇಜಿನಲ್ಲಿ ಪಾಠ ಮಾಡುವವನು. ವ್ಯಕ್ತಿಯ ಸ್ವಾತಂತ್ರ್ಯ, ತನ್ನ ದೇಹದ ಮೇಲೆ ತನ್ನ ಹಕ್ಕು ಇತ್ಯಾದಿ ಮಾತುಗಳು ನಾಲಿಗೆಯ ತುದಿಯಲ್ಲೇ ಇರುತ್ತವೆ. ಮನೆಗೆ ಬಂದು ಅತ್ತೆಗೆ, ನನ್ನ ಅಮ್ಮನಿಗೆ, ಅಮೆರಿಕದಲ್ಲಿದ್ದ ಮಾವನ ಮಗಳಿಗೆ ಫೋನಿನಲ್ಲಿ, ಎಲ್ಲರಿಗೂ ಹೇಳಿದೆ: ಮಾವ ಬೇಡ ಅಂದಿದ್ದಾರೆ, ಅವರ ಮಾತನ್ನು ಗೌರವಿಸೋಣ. ಎಲ್ಲರಿಗೂ ನಿರಾಳವಾಯಿತು. ನನಗೂ ಆಯಿತು. ನನ್ನನ್ನು ಈಗ ಕಾಡುವುದು ಆ ನಿರಾಳ. ಒಬ್ಬರ ಮಾತನ್ನು ನಿಜವಾಗಿ ಗೌರವಿಸಿದಾಗ ನಿರಾಳ ಸಿಗಬೇಕೆಂದಿಲ್ಲ. ಆ ಮಾತನ್ನು ಹೊರುವ ಭಾರ ಸಿಗಬೇಕು. ನಾವು ಹೊರಲಿಲ್ಲ, ಇಳಿಸಿದೆವು. ಮುಂದಿನ ಎಂಟು ತಿಂಗಳು ಆ ವಿಷಯವನ್ನು ಯಾರೂ ಎತ್ತಲಿಲ್ಲ. ‘ಈಗ’ ಎಷ್ಟು ಉದ್ದದ್ದು, ಯಾವ ಗುರುತು ಕಂಡಾಗ ಮತ್ತೆ ಕೇಳಬೇಕು, 60 ಕಿಲೋ ಆದಾಗಲೇ, ಕೆಮ್ಮು ರಾತ್ರಿಗೂ ಬಂದಾಗಲೇ, ಯಾವುದನ್ನೂ ಕೇಳಲಿಲ್ಲ. ಕೇಳಿದರೆ ಅವರಿಗೆ ನೋವಾಗುತ್ತದೆ ಎಂದುಕೊಂಡೆವು. ನಮಗೆ ನೋವಾಗುತ್ತಿತ್ತು ಎನ್ನುವುದೇ ನಿಜ.

ಮಳೆಗಾಲದ ಒಂದು ರಾತ್ರಿ ಗಂಜಿ ಶ್ವಾಸನಾಳಕ್ಕೆ ಹೋಯಿತು. ಬೆಳಗಿನ ಜಾವ ಜ್ವರ, ಏದುಸಿರು. ಹತ್ತಿರದ ಪಟ್ಟಣದ ಆಸ್ಪತ್ರೆಗೆ ಒಯ್ದೆವು. ನ್ಯುಮೋನಿಯಾ. ತೂಕ 55. ಉಸಿರಿನ ಸಾಮರ್ಥ್ಯ ಆಮೇಲೆ ಅಳೆದಾಗ ನಲವತ್ತರ ಆಸುಪಾಸು. ಮಂಪರು ಕೊಟ್ಟು ಎಂಡೋಸ್ಕೋಪಿ ಮಾಡುವುದು ಈಗ ಸಾಧ್ಯವಿಲ್ಲ, ಎಕ್ಸ್‌ರೇ ನೋಡಿ ಹಾಕುವ ಸೌಲಭ್ಯ ಇಲ್ಲಿಲ್ಲ, ಬೆಂಗಳೂರಿಗೆ ಒಯ್ಯುವ ಸ್ಥಿತಿಯಲ್ಲಿ ಅವರಿಲ್ಲ, ಸದ್ಯಕ್ಕೆ ಮೂಗಿನ ನಳಿಕೆ ಹಾಕೋಣ ಎಂದರು. ಫಾರಂ ತಂದರು. ಮಾವನ ಮುಖಕ್ಕೆ ಆಮ್ಲಜನಕದ ಮಾಸ್ಕು, ಕಣ್ಣು ತೆರೆದಿದ್ದವು. ನೋಟ್‌ಬುಕ್ಕು ಮನೆಯಲ್ಲಿತ್ತು. ನಾನು ರುಜು ಹಾಕಿದೆ. ಒಂದು ಚೀಟಿ, ಒಂದು ಪೆನ್ನು ಅವರ ಕೈಗೆ ಕೊಡಲು ಅರ್ಧ ನಿಮಿಷ ಸಾಕಾಗಿತ್ತು. ಕೊಡಬೇಕು ಎಂದು ಹೊಳೆಯಲೇ ಇಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹೊಳೆದಿತ್ತು. ಅವರು ಮತ್ತೆ ‘ಬೇಡ’ ಎಂದು ಬರೆದುಬಿಟ್ಟರೆ ಏನು ಮಾಡುವುದು ಎಂಬ ಭಯದಿಂದ ಕೊಡಲಿಲ್ಲ.

ಎಂಟು ತಿಂಗಳ ಹಿಂದೆ ಅವರ ಮಾತೇ ಪವಿತ್ರ ಎಂದವನು ನಾನು, ಆ ರಾತ್ರಿ ಅವರನ್ನು ಕೇಳದೆ ರುಜು ಹಾಕಿದವನೂ ನಾನೇ. ಎರಡು ಸಲವೂ ನನಗೆ ಅನುಕೂಲವಾದದ್ದನ್ನೇ ಮಾಡಿದೆ. ಮೊದಲ ಸಲ ಅದಕ್ಕೆ ಸ್ವಾತಂತ್ರ್ಯ ಎಂಬ ಹೆಸರಿತ್ತು, ಎರಡನೆಯ ಸಲ ಕರುಣೆ ಎಂಬ ಹೆಸರು.

ಈ ಬಗೆಯ ಪ್ರಶ್ನೆಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಚರ್ಚೆ ಸಾಮಾನ್ಯವಾಗಿ ಒಂದೇ ಕಡೆ ತಿರುಗುತ್ತದೆ. ಕೊಳವೆಯ ಮೂಲಕ ಕೊಡುವುದು ಅನ್ನವೋ ಚಿಕಿತ್ಸೆಯೋ? 1993ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಪ್ರಜ್ಞೆ ಮರಳುವ ಆಸೆಯೇ ಇಲ್ಲದ ಟೋನಿ ಬ್ಲಾಂಡ್ ಎಂಬ ತರುಣನ ಪ್ರಕರಣದಲ್ಲಿ ಅದನ್ನು ಚಿಕಿತ್ಸೆಯ ಭಾಗವೆಂದೇ ನೋಡಿತು, ನಿಲ್ಲಿಸಬಹುದು ಎಂದಿತು. ನಮ್ಮಲ್ಲಿ ಅರುಣಾ ಶಾನಭಾಗ್ ಅವರಿಗೆ ಉಣಿಸುವುದನ್ನು ನಿಲ್ಲಿಸಬೇಕೆಂಬ ಅರ್ಜಿ 2011ರಲ್ಲಿ ತಿರಸ್ಕೃತವಾಯಿತು. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ನರ್ಸಾಗಲು ಹೋಗಿದ್ದ ಆಕೆಯನ್ನು ಕೆ.ಇ.ಎಂ. ಆಸ್ಪತ್ರೆಯ ನರ್ಸುಗಳು ದಶಕಗಳ ಕಾಲ ಉಣಿಸಿ, ತೊಳೆದು, ಸಾಕಿದ್ದರು. ನಾವು ನಿಲ್ಲಿಸುವುದಿಲ್ಲ ಎಂದಿದ್ದರು. 2018ರಲ್ಲಿ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು, ಮುಂಚಿತವಾಗಿ ಬರೆದಿಡುವ ವೈದ್ಯಕೀಯ ಉಯಿಲನ್ನು ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಇವೆಲ್ಲ ಬೇಕಾದವೇ. ಆದರೆ ಅವುಗಳಿಂದ ಮೋಟಾರ್ ನ್ಯೂರಾನ್ ರೋಗಿಯ ಮನೆಯವರು ಕಲಿಯಬೇಕಾದದ್ದು ಬೇರೆ. ಬ್ಲಾಂಡ್ ಅಥವಾ ಅರುಣಾ ಪ್ರಕರಣದಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡದ್ದು ಅವರನ್ನು ಕೇಳುವಂತಿರಲಿಲ್ಲ ಎಂಬ ಕಾರಣಕ್ಕೆ. ಈ ಕಾಯಿಲೆಯಲ್ಲಿ ಕೆಲವರ ಯೋಚನೆ, ನಡವಳಿಕೆಗಳಲ್ಲಿ ಬದಲಾವಣೆ ಬರುವುದುಂಟು. ಆದರೂ ಬಹಳಷ್ಟು ಮಂದಿಯ ಬುದ್ಧಿ ಕೊನೆಯವರೆಗೂ ಕೇಳಿದ್ದಕ್ಕೆ ಉತ್ತರ ಕೊಡುವಷ್ಟು ಸ್ಪಷ್ಟವಾಗಿರುತ್ತದೆ. ಕೈ ಹೋದರೂ ಕಣ್ಣು ಸಾಮಾನ್ಯವಾಗಿ ಉಳಿಯುತ್ತದೆ. ಇಲ್ಲಿ ಊಹಿಸಬೇಕಾದ ಅಗತ್ಯವೇ ಇಲ್ಲ. ಕೇಳಬಹುದು. ಕೇಳುವುದಕ್ಕೆ ಅಡ್ಡ ಬರುವುದು ನಮ್ಮ ಭಯ ಮಾತ್ರ.

ಕೊಳವೆಯ ಪರವಾಗಿ ಒಂದು ವಾದವನ್ನು ನನಗೆ ನಾನೇ ಎಷ್ಟೋ ಸಲ ಹೂಡಿ ನೋಡಿದ್ದೇನೆ. ಹೊಟ್ಟೆಯ ಕೊಳವೆ ಹಿಂದಿರುಗಲಾಗದ ದಾರಿಯಲ್ಲ. ಹಾಕಿಸಿಕೊಂಡ ಮೇಲೂ ಬಾಯಿಯಿಂದ ತಿನ್ನಬಹುದು. ಬಳಸದೆ ನೀರು ಹಾಯಿಸಿ ಇಟ್ಟುಕೊಳ್ಳಬಹುದು. ಬೇಡವಾದರೆ ತೆಗೆಸಿದರೆ ತೂತು ಬೇಗನೆ ಮುಚ್ಚಿಕೊಳ್ಳುತ್ತದೆ. ಅಂಗಿಯ ಒಳಗೆ ಯಾರಿಗೂ ಕಾಣದು. ಹಾಕಿಸದೆ ಉಳಿದರೆ ಮಾತ್ರ ಒಂದು ದಿನ ಆಯ್ಕೆಯೇ ಇರುವುದಿಲ್ಲ. ಆದ್ದರಿಂದ ಬೇಗ ಹಾಕಿಸುವುದೇ ಸ್ವಾತಂತ್ರ್ಯವನ್ನು ಉಳಿಸುವ ದಾರಿ. ಇದು ತರ್ಕಕ್ಕೆ ಸರಿ. ಆರೋಗ್ಯವಂತರು ‘ಹಾಗೆ ಬದುಕುವುದಕ್ಕಿಂತ ಸಾಯುವುದು ಮೇಲು’ ಎಂದುಕೊಳ್ಳುವ ಸ್ಥಿತಿಯಲ್ಲಿ ನಿಜಕ್ಕೂ ಇರುವವರು ತಮ್ಮ ಬದುಕನ್ನು ಅಷ್ಟು ಕೀಳಾಗಿ ಅಳೆಯುವುದಿಲ್ಲ ಎಂಬುದೂ ಈ ಕಾಯಿಲೆಯ ಮಟ್ಟಿಗೆ ತಿಳಿದ ಸಂಗತಿಯೇ. ಇಂದಿನ ನಾನು ನಾಳಿನ ನನ್ನ ಬಗ್ಗೆ ಅಷ್ಟೇನೂ ಬಲ್ಲವನಲ್ಲ.

ಆದರೆ ಈ ವಾದ ಎರಡು ಕಡೆ ಸೋರುತ್ತದೆ. ಒಂದು, ಕೊಳವೆಯಿಂದ ಈ ರೋಗಿಗಳ ಆಯುಷ್ಯ ಎಷ್ಟು ಹೆಚ್ಚುತ್ತದೆ ಎಂದು ಚೀಟಿ ಎತ್ತಿ ಗುಂಪು ಮಾಡಿ ಹೋಲಿಸಿದ ಪ್ರಯೋಗ ನಡೆದಿಲ್ಲ, ನಡೆಸುವುದೂ ಕಷ್ಟ. ಎಂಜಲು, ಮೇಲಕ್ಕೆ ಬಂದ ಆಹಾರ ಶ್ವಾಸಕ್ಕೆ ಹೋಗುವುದನ್ನು ಯಾವ ಕೊಳವೆಯೂ ಪೂರ್ತಿ ತಡೆಯದು. ಎರಡನೆಯದು ನಮ್ಮ ಮನೆಗಳ ವಿಷಯ. ಶುರು ಮಾಡದಿರುವುದೂ ಶುರು ಮಾಡಿದ್ದನ್ನು ನಿಲ್ಲಿಸುವುದೂ ನೈತಿಕವಾಗಿ ಒಂದೇ ಎಂದು ಪುಸ್ತಕಗಳು ಹೇಳುತ್ತವೆ. ಎದುರಾದವರನ್ನು ಊಟ ಆಯ್ತಾ ಎಂದು ಮಾತಾಡಿಸುವ ಜನ ನಾವು. ಕೊಳವೆ ಇದ್ದ ಮೇಲೆ, ಸಾಕು ಎಂದು ಅವರೇ ಬರೆದುಕೊಟ್ಟರೂ, ನಮ್ಮ ಯಾವ ಮನೆಯಲ್ಲಿ ಯಾರು ಸಿರಿಂಜನ್ನು ಕೆಳಗಿಡುತ್ತಾರೆ? ಅನ್ನದ ಋಣ ಮುಗಿಯಿತು ಎಂದು ಸತ್ತ ಮೇಲೆ ಹೇಳುತ್ತೇವೆ. ಬದುಕಿರುವವರು ತಾವೇ ಹಾಗೆ ಹೇಳಿದರೆ ಕೇಳುವ ಕಿವಿ ನಮಗಿಲ್ಲ. ಪೆಗ್ ಕಂಡುಹಿಡಿದ ಗಾಡರರ್ ಕೂಡ ಇಪ್ಪತ್ತು ವರ್ಷಗಳ ನಂತರ ಹಿಂದಿರುಗಿ ನೋಡುತ್ತ, ಇದು ಸುಲಭವಾಗಿರುವುದರಿಂದಲೇ ಅತಿಯಾಗಿ ಬಳಕೆಯಾಗುತ್ತಿದೆ, ಇನ್ನು ಮುಂದೆ ಗಮನ ಕೊಡಬೇಕಾದದ್ದು ತಂತ್ರಕ್ಕಿಂತ ನೀತಿಯ ಕಡೆಗೆ ಎಂಬರ್ಥದ ಮಾತು ಬರೆದರು. ಅದು ಹೆಚ್ಚಾಗಿ ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿರುವಂಥ ವೃದ್ಧರಿಗೆ ಅನ್ವಯಿಸುವ ಮಾತು; ಅಲ್ಲಿ ಕೊಳವೆ ಉಪಯೋಗಕ್ಕೆ ಬರುವುದಿಲ್ಲ ಎಂಬ ಅಭಿಪ್ರಾಯ ಈಗ ಗಟ್ಟಿಯಾಗಿದೆ. ಆದರೂ ಎಚ್ಚರಿಕೆ ಎಲ್ಲರಿಗೂ ಸಲ್ಲುತ್ತದೆ.

ಅನ್ನ ಬಿಡುವುದರ ಬಗ್ಗೆ ಯೋಚಿಸುವಾಗ ಕನ್ನಡಿಗನಿಗೆ ಶ್ರವಣಬೆಳಗೊಳದ ಚಿಕ್ಕಬೆಟ್ಟ ನೆನಪಾಗದಿರದು. ಅಲ್ಲಿನ ಬಂಡೆಗಳ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು ಸಾವಿರ ವರ್ಷಕ್ಕೂ ಹಿಂದಿನಿಂದ ಇವೆ. 2015ರಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆಗೆ ಸಮ ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ನಾನು ಜೈನನಲ್ಲ, ಮಾವನೂ ಅಲ್ಲ. ವ್ರತವನ್ನೂ ಕಾಯಿಲೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ನನ್ನ ಗಮನ ಸೆಳೆದದ್ದು ಅದರ ಕ್ರಮ. ಅದು ಒಂದು ದಿನದ ರುಜುವಲ್ಲ. ಗುರುವಿನ ಅನುಮತಿ ಕೇಳಬೇಕು, ಒಂದೊಂದಾಗಿ ಬಿಡುತ್ತ ಹೋಗಬೇಕು, ಸುತ್ತಲಿನವರು ಜೊತೆಗಿರಬೇಕು. ನಿರ್ಧಾರ ಎನ್ನುವುದು ಅಲ್ಲಿ ದಿನ ದಿನವೂ ಮತ್ತೆ ಮಾಡುವ ಕೆಲಸ. ಕೊಳವೆ ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ನಾವು ಕೊಡದೆ ಹೋದದ್ದು ಆ ದಿನ ದಿನದ ಜೊತೆಯನ್ನು.

ಮೂಗಿನ ನಳಿಕೆಯೊಂದಿಗೆ ಮಾವ ಹನ್ನೊಂದು ವಾರ ಇದ್ದರು. ಜ್ವರ ಇಳಿದು ಮನೆಗೆ ಬಂದ ಮೇಲೆ ಮೊದಲು ಮಾಡಿದ್ದು ಕನ್ನಡಿ ಕೇಳಿದ್ದು. ನೋಡಿಕೊಂಡು ವಾಪಸು ಕೊಟ್ಟರು. ಅವತ್ತಿನಿಂದ ಹೊರಗಿನವರು ಬಂದರೆ ಒಳಗಿನ ಕೋಣೆಗೆ ಹೋಗಿ ಮಲಗುತ್ತಿದ್ದರು. ಮೂರನೆಯ ದಿನ ನೋಟ್‌ಬುಕ್ಕಿನಲ್ಲಿ ಬರೆದರು: ‘ಕೇಳಲಿಲ್ಲ.’ ನಮ್ಮ ಭಾಷೆಯಲ್ಲಿ ಕೇಳುವುದು ಎಂದರೆ ಪ್ರಶ್ನಿಸುವುದೂ ಹೌದು, ಕಿವಿಗೊಡುವುದೂ ಹೌದು. ನಾನು ಅವರ ಒಪ್ಪಿಗೆ ಕೇಳಲಿಲ್ಲ ಎಂದರೋ, ಅವರ ಮಾತು ಕೇಳಲಿಲ್ಲ ಎಂದರೋ ಗೊತ್ತಾಗಲಿಲ್ಲ. ಎರಡೂ ನಿಜವಾದ್ದರಿಂದ ವಿವರಣೆ ಕೇಳುವ ಧೈರ್ಯ ಬರಲಿಲ್ಲ. ತಪ್ಪಾಯ್ತು ಮಾವ ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಅದರ ಕೆಳಗೇ ಬರೆದರು: ‘ಇನ್ನು ಮೇಲೆ ಕೇಳು.’

ಕೇಳಿದೆ. ಆ ಹನ್ನೊಂದು ವಾರಗಳಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಪ್ರತಿ ಭಾನುವಾರ ಕೂತು ಕೇಳುತ್ತಿದ್ದೆ. ಬೆಂಗಳೂರಿಗೆ ಹೋಗಿ ಹೊಟ್ಟೆಯ ಕೊಳವೆ ಹಾಕಿಸಿಕೊಳ್ಳುತ್ತೀರಾ? ಮಾಸ್ಕು ಹಾಕಿಕೊಂಡೇ, ಮಂಪರಿಲ್ಲದೆ ಮಾಡಬಹುದಂತೆ, ಅಪಾಯ ಉಂಟು. ಮೊದಲ ವಾರ ‘ಯೋಚಿಸುತ್ತೇನೆ.’ ಎರಡನೆಯ ವಾರ ‘ಮೊದಲೇ ಮಾಡಿಸಬೇಕಿತ್ತು.’ ಅದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ‘ಈಗ ಬೇಡ’ ಎಂದ ಮನುಷ್ಯ ಒಳಗೊಳಗೇ ಯಾರಾದರೂ ಮತ್ತೆ ಕೇಳಲಿ ಎಂದು ಕಾದಿದ್ದರೇ? ಕೇಳಿದೆ. ‘ಇರಬಹುದು. ನನಗೂ ಗೊತ್ತಿಲ್ಲ’ ಎಂದು ಬರೆದರು. ಐದನೆಯ ವಾರ ‘ಬೇಡ’ ಎಂದರು. ಈ ಸಲ ಬರೀ ‘ಬೇಡ’. ಪ್ರಯಾಣದಲ್ಲಿ ಸಾಯಲು ಇಷ್ಟವಿಲ್ಲ ಎಂದು ಕಾರಣವನ್ನೂ ಬರೆದರು. ಆ ‘ಬೇಡ’ವನ್ನು ನಾವು ಹೊತ್ತೆವು. ನಿರಾಳವಾಗಲಿಲ್ಲ.

ಅತ್ತೆ ಸಿರಿಂಜು ಹಿಡಿಯಲು ಕಲಿತರು. ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿ, ಸೋಸಿದ ರಾಗಿ ಗಂಜಿ, ಬೇಳೆ ಕಟ್ಟು, ಡಾಕ್ಟರು ಹೇಳಿದ ಪುಡಿ, ದಿನಕ್ಕೆ ಆರು ಸಲ, ಕೊನೆಗೆ ನೀರು ಹಾಯಿಸಿ ಮುಚ್ಚುವುದು. ಇಷ್ಟು ಹೊತ್ತಿಗೇ ಮುಗಿಯಿತಲ್ಲ ಎಂದು ಮೊದಮೊದಲು ಕಂಗಾಲಾಗಿ ಕೂರುತ್ತಿದ್ದರು. ಒಂದೂಕಾಲು ಗಂಟೆಯ ಊಟ ಕಾಲು ಗಂಟೆಗೆ ಇಳಿದಿತ್ತು. ಉಳಿದ ಒಂದು ಗಂಟೆಯನ್ನು ಏನು ಮಾಡುವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಮಾವನೇ ದಾರಿ ತೋರಿಸಿದರು. ‘ಉಪ್ಪಿನಕಾಯಿ’ ಎಂದು ಬರೆದರು. ನರ್ಸನ್ನು ಫೋನಿನಲ್ಲಿ ಕೇಳಿದೆವು. ರುಚಿಗೆ ಒಂದಿಷ್ಟೇ, ನಾಲಿಗೆಗೆ ಸವರಿದಷ್ಟು, ಹುಷಾರಾಗಿ ಎಂದರು. ಅತ್ತೆ ಅಪ್ಪೆಮಿಡಿಯ ರಸದಲ್ಲಿ ಬೆರಳಿನ ತುದಿ ಅದ್ದಿ ಮಾವನ ನಾಲಿಗೆಗೆ ಮುಟ್ಟಿಸಿದರು. ಇಬ್ಬರೂ ಮೊದಲಿನ ಹಾಗೇ ಕಾದರು, ಕೆಮ್ಮು ಬರುತ್ತದೋ ಎಂದು. ಬರಲಿಲ್ಲ.

ನನಗೆ ಕೊಳವೆಯ ಪರವಾಗಿಯೋ ವಿರುದ್ಧವಾಗಿಯೋ ಹೇಳಬೇಕಾದ್ದಿಲ್ಲ. ನಮ್ಮ ಮನೆಯಲ್ಲಿ ಇನ್ನೊಬ್ಬರಿಗೆ ಹೀಗಾದರೆ, ಆ ಮೊದಲ ದಿನದ ‘ಈಗ ಬೇಡ’ದ ಪಕ್ಕದಲ್ಲಿ ಒಂದು ತಾರೀಕು ಬರೆಸಿಕೊಳ್ಳುತ್ತೇನೆ. ಸರಿ, ಈಗ ಬೇಡ. ಮುಂದಿನ ತಿಂಗಳ ಇಷ್ಟನೇ ತಾರೀಕು ಮತ್ತೆ ಕೇಳಲೇ, ಸಿಟ್ಟು ಮಾಡಿಕೊಳ್ಳುವುದಿಲ್ಲ ತಾನೇ ಎನ್ನುತ್ತೇನೆ. ಉಸಿರು ಕಟ್ಟುವ ಒಂದು ರಾತ್ರಿ ಬಂದರೆ ನಿಮ್ಮ ಪರವಾಗಿ ಏನು ಹೇಳಬೇಕು ಎಂದು ಹಗಲು ಹೊತ್ತಿನಲ್ಲೇ ಕೇಳಿ ಬರೆಸಿಕೊಳ್ಳುತ್ತೇನೆ. ಅದಕ್ಕೆ ಬೇಕಾದದ್ದು ದೊಡ್ಡ ತತ್ವವೇನಲ್ಲ, ಎದುರಿಗೆ ಕೂತು ಬಾಯಿ ತೆರೆಯುವಷ್ಟು ಧೈರ್ಯ. ಮಾವನ ನೋಟ್‌ಬುಕ್ಕಿನಲ್ಲಿ ಕೊನೆಯ ನಲವತ್ತು ಪುಟ ಖಾಲಿ ಇವೆ. ಎಂಟು ತಿಂಗಳು ನಾವು ಕೇಳಿದ್ದರೆ ಅವು ತುಂಬಿರುತ್ತಿದ್ದವು.